ಕಿವಿರು

ಕದ್ರಾದ ಮೊದಲ ಬಸ್ಸಿಗೆ ಬುಟ್ಟಿ ಹೇರಿಕೊಂಡು ಬಂದ
ಅಂಬಿಗರ ತುಳಸು
ಕಾರವಾರದ ಮೀನುಪೇಟೆಯ ಮೂಲೆ ಹಿಡಿದಿದ್ದಾಳೆ,
ಬಂಗಡೆ ತಾರ್ಲೆಗಳ ಗದ್ದಲದಿಂದ ನಾಕು ಮಾರು ದೂರ.
ಇವಳದು ಹೊಳೆಮೀನು. ಉಪ್ಪು ಕಾಣದ್ದು.

"ತಾಜಾನಾ?" ಅಂದೆ.
ಹೆಬ್ಬೆರಳಲ್ಲಿ ಕಿವಿರೆತ್ತಿದಳು:
ದಾಸವಾಳ.

ನಾನು ಕೇಳಬೇಕೆಂದಿದ್ದು ಅದಲ್ಲ.
ಹೋದ ವಾರ ಹೊಳೆಯ ಮೇಲೆ ನೊರೆ ತೇಲಿತ್ತಂತೆ,
ಬಿಳಿ ಹೊಟ್ಟೆ ಮೇಲಾಗಿ ಮರಿಗಳು ದಡಕ್ಕೆ ಬಂದವಂತೆ.
ಇಷ್ಟನ್ನು ಹೇಗೆ ಕೇಳುವುದು
ಇನ್ನೂ ಬೋಣಿಯಾಗದವಳ ಹತ್ತಿರ?

ಕೇಳಿದೆ.

ನೊಣ ಓಡಿಸುತ್ತಲೇ ಹೇಳಿದಳು:
"ಶಾಲೆ ಮಾಸ್ತರ್ರು ಒಂದು ಬಾಟ್ಲಿ ನೀರು ಒಯ್ದ್ರು,
ಒಂದು ಮೀನೂ ಒಯ್ದ್ರು.
ದೂರ ಎಲ್ಲೋ ಕಳಿಸ್ಬೇಕಂತೆ,
ಉತ್ತರ ಬರೂಕೆ ತಿಂಗಳಂತೆ.
ಮೀನು ಸಂಜಿತನಕ ಇರ್ತದೆ ತಂಗೀ.
ನಾವೂ ಅದನ್ನೇ ಉಂಬೂದು."

ದೊಡ್ಡ ಬಾಳೆಮೀನಿಗೆ ಕೈಯಿಟ್ಟೆ.
ಅವಳ ಕಣ್ಣು ನನ್ನ ಸೆರಗು ಮುಚ್ಚಿದಲ್ಲಿ ನಿಂತಿತು,
ಅತ್ತೆಗೂ ಹೇಳಿರದ ಮೂರನೇ ತಿಂಗಳ ಮೇಲೆ.

"ಅದು ಬ್ಯಾಡ.
ಎಷ್ಟು ಮಳೆಗಾಲ ಆ ನೀರು ಕುಡಿದದ್ಯೋ."

ಬೆರಳುದ್ದದ ನಾಲ್ಕು ಆರಿಸಿ, ಹೊಟ್ಟೆ ಸೀಳಿ,
ಕರುಳು, ತಲೆ ಕಾಗೆಗೆಸೆದು
ಎಲೆಯಲ್ಲಿ ಕಟ್ಟಿಕೊಟ್ಟಳು.
ದುಡ್ಡೂ ಕಡಿಮೆಯೇ ತಗೊಂಡಳು.

ಕಾಗೆ ಇಳಿಯಿತು.
ತಲೆ ಓರೆ ಮಾಡಿ ಒಮ್ಮೆ ನೋಡಿತು.
ತಿಂದಿತೋ, ಬಿಟ್ಟಿತೋ,
ನಿಂತು ನೋಡಲಿಲ್ಲ ನಾನು.