ಇಪ್ಪತ್ತಾರನೆಯ ವಾರ

ಐರಿನ್ ಬಾಯಮ್ಮ ಅಂದು ಬಂಗುಡೆಗೆ ಚೌಕಾಸಿ ಮಾಡಲಿಲ್ಲ.
ಕುಂಜಿಬೆಟ್ಟಿನ ಅವರ ಜಗಲಿಯಲ್ಲಿ ಬುಟ್ಟಿ ಇಳಿಸಿ
ಸಿಂಬೆ ಬಿಚ್ಚುತ್ತಿದ್ದೆ.
"ಜಲಜಾ, ಒಂದು ವಾರ ಉಂಟು, ಬೇಕಾ?" ಅಂದರು,
ಹಳೆಯ ಕುಕ್ಕರ್ ಬೇಕಾ ಅನ್ನುವ ಹಾಗೆ.

ವಾರವೆಂದರೆ ವಾರವೇ. ಏಳು ದಿನ.
ಕಾಪುವಿನ ಆಚೆ, ಕಡಲ ಬದಿಯ ರೆಸಾರ್ಟಿನಲ್ಲಿ
ವರ್ಷಕ್ಕೊಮ್ಮೆ, ಇಪ್ಪತ್ತಾರನೆಯ ವಾರ.
ಇಪ್ಪತ್ತೈದು ವರ್ಷಕ್ಕೆ ಕಂಪೆನಿಯಿಂದ ನೇರ ಕೊಂಡದ್ದು,
ಹದಿನಾರು ಮುಗಿದು ಒಂಬತ್ತು ಉಳಿದಿದೆ.
ಮಂಗಳೂರಿನ ಹೋಟೆಲಿನಲ್ಲಿ ಪುಕ್ಕಟೆ ಊಟ ಹಾಕಿ
ಟೈ ಕಟ್ಟಿದ ಹುಡುಗ ನಾಲ್ಕು ಗಂಟೆ ಏಳಗೊಡದೆ
"ಇವತ್ತೇ ಸಹಿ ಹಾಕಿದರೆ ಮಾತ್ರ ಈ ರೇಟು" ಅಂದನಂತೆ.
ಮೂರು ಲಕ್ಷದ ಎಂಬತ್ತು ಸಾವಿರ.
ಮೇಲೊಂದು ಮಿಕ್ಸಿ.
ಮಿಕ್ಸಿ ಈಗಲೂ ತಿರುಗುತ್ತದೆ, ಅಂದರು.
ಇಪ್ಪತ್ತಾರನೆಯ ವಾರವೆಂದರೆ ಜೂನಿನ ಕೊನೆ ಎಂದು
ಯಾರೂ ಹೇಳಿರಲಿಲ್ಲ. ಆ ಗೋಡೆಯಲ್ಲಿ ಕ್ಯಾಲೆಂಡರು ಇರಲಿಲ್ಲ.

ಕಂಪೆನಿಗೆ ಫೋನು ಮಾಡಿದೆ.
"ಸೆಕೆಂಡ್ ಹ್ಯಾಂಡ್ ಯಾಕೆ ಮೇಡಂ, ನೇರ ನಮ್ಮಿಂದ ತಗೊಳ್ಳಿ,
ಪಾಯಿಂಟು ಸಿಗುತ್ತದೆ, ಬದಲಿಗೆ ಗೋವಾ, ಬ್ಯಾಂಕಾಕ್ ಸಿಗುತ್ತದೆ,
ಕೈ ಬದಲಾದ ವಾರಕ್ಕೆ ಅದೆಲ್ಲ ಇಲ್ಲ."
ರೇಟು ಆರು ಲಕ್ಷ. ಕಂತು ಉಂಟು.
ನನ್ನನ್ನು ಯಾರೂ ಮೇಡಂ ಅಂದದ್ದಿಲ್ಲ,
ಇನ್ನೂ ಸ್ವಲ್ಪ ಹೊತ್ತು ಕೇಳುತ್ತ ಕೂತೆ.

ಮೂವತ್ತು ವರ್ಷ ನಾನು ಕೂಗಿದ್ದೂ ಅದನ್ನೇ ಅಲ್ಲವೇ:
ಬೋಟಿನಿಂದ ನೇರ, ಈಗಷ್ಟೇ ಇಳಿದದ್ದು!
ಮಲ್ಪೆಯ ಏಲಂನಲ್ಲಿ ಬೆಳಿಗ್ಗೆ ನೂರಾದದ್ದು
ಸಂಜೆ ಸಂತೆಕಟ್ಟೆಯಲ್ಲಿ ಮೂವತ್ತು.
ಮೀನಿಗಾದರೆ ಕಾರಣವುಂಟು, ಕಣ್ಣು ಮಸುಕಾಗುತ್ತದೆ.
ದಿನ ಕೈ ಬದಲಾದರೆ ಕೊಳೆಯುತ್ತದೆಯೇ?
ಬರುವ ವರ್ಷದ ಮಂಗಳವಾರ
ಇನ್ನೂ ನೀರೊಳಗೇ ಈಜಿಕೊಂಡಿದೆ,
ಐರಿನ್ ಬಾಯಮ್ಮನೂ ಮುಟ್ಟಿಲ್ಲ, ಕಂಪೆನಿಯೂ ಮುಟ್ಟಿಲ್ಲ.

ಆದರೂ ಕಿವಿರು ಎತ್ತಿ ನೋಡದೆ ನಾನು ಏನನ್ನೂ ಕೊಂಡವಳಲ್ಲ.
ಮಗಳ ಕೈಯಲ್ಲಿ ಕಾಗದ ಓದಿಸಿದೆ.
ಮೂರನೆಯ ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ
ಮೇಂಟೆನೆನ್ಸ್: ವರ್ಷಕ್ಕೆ ಹದಿನಾಲ್ಕು ಸಾವಿರ, ಹೋದರೂ, ಹೋಗದಿದ್ದರೂ.
ಎರಡು ವರ್ಷದ್ದು ಬಾಕಿ. ಹೆಸರು ಬದಲಿಸಲು ಬೇರೆ ಫೀಸು.
ಅಲ್ಲಿ ಕೆಂಪು ಹೋಗಿ ಕಂದು ತಿರುಗಿತ್ತು.
"ಬಾಕಿ ನಿಮ್ಮದು, ಫೀಸು ನನ್ನದು, ವಾರಕ್ಕೆ ಇಪ್ಪತ್ತು ಸಾವಿರ."
"ಐವತ್ತು" ಅಂದರು.
ಬುಟ್ಟಿ ಎತ್ತಿ ಗೇಟಿನವರೆಗೆ ಹೋದೆ.
ಇಷ್ಟು ವರ್ಷ ಅವರು ಒಳಗೆ ಹೋದಂತೆ ಮಾಡುತ್ತಿದ್ದರು, ನಾನು ಕರೆಯುತ್ತಿದ್ದೆ.
ಇವತ್ತು ಅವರು ಕರೆದರು.
ಮೂವತ್ತೆರಡಕ್ಕೆ ಮುಗಿಯಿತು.
ಗಂಡ ಇದ್ದಾಗ ಮೂರೇ ಸಲ ಹೋದದ್ದಂತೆ,
ಮೂರು ಸಲವೂ ಕರೆಂಟಿರಲಿಲ್ಲವಂತೆ.
ಅದನ್ನು ವ್ಯಾಪಾರ ಮುಗಿದ ಮೇಲೆ ಹೇಳಿದರು.

ಯಾರಿಗೂ ಬೇಡದ ವಾರ. ಕೆಂಪು ಬಾವುಟ, ಕಪ್ಪು ನೀರು.
ನಮಗೆ ಬೇರೆ ಯಾವ ವಾರ ಉಂಟು?
ಜೂನ್ ಒಂದಕ್ಕೆ ಬೋಟು ಕಟ್ಟಿದರೆ ತಂಡೇಲರಿಗೆ
ಎರಡು ತಿಂಗಳು ಹರಿದ ಬಲೆ, ಸೂಜಿ, ಬೀಡಿ.
ಡಿಸೆಂಬರನ್ನು ಬಂಗಾರದ ತಟ್ಟೆಯಲ್ಲಿಟ್ಟು ಕೊಟ್ಟರೂ
ಡಿಸೆಂಬರಿನಲ್ಲಿ ಇವರು ರತ್ನಗಿರಿಯ ಆಚೆ ಇರುತ್ತಾರೆ.

ಕೌಂಟರಿನವ ನಗುತ್ತ ಕೀ ಕೊಟ್ಟ:
"ಅದೃಷ್ಟ ಸಾರ್, ಕಡಲು ಕಾಣುವ ಕೋಣೆ."
ಇವರು ಸ್ವಲ್ಪ ಯೋಚಿಸಿ ಕೇಳಿದರು,
"ಹಿಂದೆ ಇಲ್ಲವಾ? ನೆಲ ಕಾಣುವಂಥದ್ದು?"

ಸಿಕ್ಕಿತು. ಕಿಟಕಿಯಲ್ಲಿ ಹುಲ್ಲು, ಒಂದು ಜನರೇಟರು, ನೆನೆಯುತ್ತಿದ್ದ ಸೈಕಲ್ಲು.
ಮೊದಲ ರಾತ್ರಿ ಮೂರಕ್ಕೇ ಎದ್ದು ಕೂತರು.
"ಮಂಚ ಅಲುಗುವುದಿಲ್ಲ ಮಾರಾಯ್ತಿ, ನಿದ್ದೆ ಹೇಗೆ ಬರಬೇಕು?"
ಊಟಕ್ಕೆ ಬಂದ ಅಂಜಲ್ ಮೇ ತಿಂಗಳಿನದು.
ನಾನು ಬಾಯಿ ಬಿಡಲಿಲ್ಲ, ಬಡಿಸಿದವನನ್ನು ನೋಡಿ ನಕ್ಕೆ,
ಅವನು ಬೇಗ ಆಚೆ ಹೋದ.
ನಾಲ್ಕನೆಯ ದಿನ ಯಾರೋ ಹಾಸಿಗೆ ಸರಿಮಾಡಿ
ಟವೆಲನ್ನು ಹಂಸ ಮಾಡಿಟ್ಟು ಹೋಗಿದ್ದರು.
ಬಿಚ್ಚಲು ಮನಸ್ಸಾಗದೆ
ಸೆರಗಿನಲ್ಲೇ ಮುಖ ಒರೆಸಿಕೊಂಡೆ.

ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಕುಂಜಿಬೆಟ್ಟಿಗೆ ಹೋದೆ.
ಐರಿನ್ ಬಾಯಮ್ಮ ಮೀನು ನೋಡುತ್ತ, ನನ್ನನ್ನು ನೋಡದೆ,
"ಕರೆಂಟಿತ್ತಾ?" ಅಂದರು.
"ಇರಲಿಲ್ಲ ಬಾಯಮ್ಮ" ಅಂದೆ.
ಅವರ ಮುಖ ಸ್ವಲ್ಪ ಹಗುರವಾಯಿತು.
ಆಮೇಲೆ ಬಂಗುಡೆಯೊಂದರ ಕಿವಿರು ಎತ್ತಿ
ರೇಟು ಜಾಸ್ತಿಯಾಯಿತು ಜಲಜಾ, ಅಂತ ಶುರುಮಾಡಿದರು.