ಲಾಭ, ಎರಡು, ಮೂರು

ಧಾರವಾಡದಿಂದ ಬಂದ ಹುಡುಗಿ
ಸಾಣಿಕಟ್ಟೆಯ ಆಗರದ ಬದುವಿನ ಮೇಲೆ
ಚಪ್ಪಲಿ ಕೈಯಲ್ಲಿ ಹಿಡಿದು ನಿಂತು ಕೇಳಿದಳು:
ಮನೆಯಲ್ಲಿ ನೀವು ಎಷ್ಟನೆಯವರು?

ಅವಳ ಕಾಗದದಲ್ಲಿ ಅದಕ್ಕೊಂದು ಚೌಕ,
ಒಂದೇ ಅಂಕಿ ಹಿಡಿಸುವಷ್ಟು.
ಮೊದಲು ಹುಟ್ಟಿದವರಿಗೆ ಬುದ್ಧಿ ಒಂದು ಗುಂಜಿ ಹೆಚ್ಚಂತೆ,
ಕೆಳಗಿಳಿದ ಹಾಗೆ ಕೂದಲೆಳೆಯಷ್ಟು ಕಡಿಮೆಯಂತೆ,
ಎಲ್ಲೋ ಸಾವಿರಾರು ಮಂದಿಯನ್ನು ಕೂರಿಸಿ ಅಳೆದಿದ್ದಾರಂತೆ.
ಹೌದೋ ಅಲ್ಲವೋ ನೋಡಲು
ನಮ್ಮ ಕೇರಿಗೂ ಬಂದಿದ್ದಾಳೆ, ಪಾಪ, ಏಪ್ರಿಲ್ ಬಿಸಿಲಲ್ಲಿ.

ಎರಡು ಎಂದು ಬರೆದೆ. ಹೊಡೆದು ಹಾಕಿದೆ.
ಒಂದು ಎಂದು ಬರೆಯಹೋದೆ. ಪೆನ್ನು ಅಲ್ಲೇ ನಿಂತಿತು.

ನನಗಿಂತ ಮೊದಲು ಬೊಮ್ಮ ಇದ್ದ.
ಹದಿನಾಲ್ಕು ತಿಂಗಳು.
ಅವನ ಕಾಲಿನ ಕರಿದಾರ
ಅವ್ವಿಯ ಎಲೆಯಡಿಕೆ ಚೀಲದಲ್ಲಿತ್ತು;
ಅಡಿಕೆ ಚೂರಿನ ಜೊತೆ ಒಮ್ಮೆ ಬಾಯಿಗೇ ಹೋಗಿ
ಥೂ ಎಂದು ಉಗಿದಳು,
ಆಮೇಲೆ ತೊಳೆದು ಮತ್ತೆ ಅಲ್ಲೇ ಇಟ್ಟಳು.

ಅವ್ವಿ ಉಪ್ಪಿನ ಬುಟ್ಟಿ ಎಣಿಸುವುದು ಹೀಗೆ:
ಲಾಭ, ಎರಡು, ಮೂರು, ನಾಲ್ಕು.
ಮೊದಲನೆಯದಕ್ಕೆ ಒಂದು ಎನ್ನಬಾರದು, ಬರಕತ್ತು ಹೋಗುತ್ತದೆ.
ತದಡಿಯ ದೋಣಿಗೆ ನಮ್ಮನ್ನು ಹತ್ತಿಸುವಾಗಲೂ ಅದೇ ಬಾಯಿ:
ಲಾಭ ಎಂದು ಗಾಳಿಯತ್ತ ಬೆರಳು,
ಎರಡು ಎಂದು ನನ್ನ ನೆತ್ತಿಗೆ.

ಎರಡಾಗಿ ಹುಟ್ಟಿ ಒಂದಾಗಿ ಬೆಳೆದೆ.
ಸುಕ್ರುಗೆ ಭಾಗಾಕಾರ ತಲೆಗೆ ಹತ್ತದು.
ಚಿಪ್ಪಿಕಲ್ಲು ರಾಶಿ ಹಾಕಿ, ಪಾಲು ಮಾಡಿ,
ಉಳಿದದ್ದನ್ನು ಶೇಷವೆಂದು ಬದಿಗಿಟ್ಟು,
ಬೈದು, ಮತ್ತೆ ಕೂಡಿಸಿ, ಮತ್ತೆ ಪಾಲು ಮಾಡಿ
ಏಳನೆಯ ಸಲ ಹೇಳುವಾಗ
ನನಗೇ ಮೊದಲ ಬಾರಿ ತಿಳಿಯಿತು.
ಮಾಸ್ತರರು ಜಾಣೆ ಎಂದರು.
ಅದು ನನ್ನ ಬುದ್ಧಿಯೋ
ಬೊಮ್ಮ ತೆರವು ಮಾಡಿದ ಜಾಗದ ಉತ್ಪನ್ನವೋ
ಯಾರನ್ನು ಕೇಳಲಿ?

ಸುಕ್ರು ಹೊನ್ನಿಗೆ ಕಲಿಸಿದ, ತಪ್ಪುತಪ್ಪಾಗಿ.
ಹೊನ್ನಿ ಆ ತಪ್ಪನ್ನೇ ಬೀರನಿಗೆ.
ಬೀರನಿಗೆ ಕಲಿಸಲು ಯಾರೂ ಉಳಿದಿರಲಿಲ್ಲ.
ಆಗರದ ಕೊಕ್ಕರೆಗೆ ಮಗ್ಗಿ ಒಪ್ಪಿಸುತ್ತಿದ್ದ.
ಹದಿಮೂರರದ್ದು ಮುಗಿಯುವ ಮೊದಲೇ ಅದು ಹಾರಿಹೋಗುತ್ತಿತ್ತು.
ಈಗಲೂ, ಮೀಸೆ ನೆರೆತ ಮೇಲೂ,
ಹದಿಮೂರು ಎಂಟ್ಲ ಎಂದರೆ ಆಕಾಶ ನೋಡುತ್ತಾನೆ.

ಹುಡುಗಿ ನಾಲ್ವರಿಗೂ ಚಿತ್ರದ ಹಾಳೆ ಕೊಟ್ಟಳು,
ಗೆರೆ, ತ್ರಿಕೋನ, ಬಿಟ್ಟ ಜಾಗ ತುಂಬಬೇಕು.
ನಾನು ಬೇಗ ಮುಗಿಸಿದೆ. ನಾಚಿಕೆಯಾಗುವಷ್ಟು ಬೇಗ.
ಬೀರ ಅರ್ಧಕ್ಕೆ ಬಿಟ್ಟು ಪಡುವಲಿಗೆ ಮೂಗೆತ್ತಿ
ನಾಲ್ಕಕ್ಕೆ ಮೋಡ, ಮೂರನೇ ಪಾತಿ ಈಗಲೇ ಎಳೀಬೇಕು
ಎಂದು ಎದ್ದುಹೋದ.
ಮೋಡ ಬಂದದ್ದು ಐದಕ್ಕೆ, ಇರಲಿ.
ಅವನ ಅಂಕ ಎಷ್ಟೆಂದು ಅವಳು ಹೇಳಲಿಲ್ಲ,
ಹಾಳೆಯನ್ನು ಎಲ್ಲಕ್ಕಿಂತ ಕೆಳಗಿಟ್ಟಳು.

ಬದುಕಿರುವವರನ್ನಷ್ಟೇ ಎಣಿಸಿ, ಸಾಕು,
ಎಂದಳು ನನಗೆ, ಮೆತ್ತಗೆ.
ಹಲಗೆ ಎಳೆಯುತ್ತಲೇ ಬೀರ ಕೂಗಿದ:
ಅಲ್ಲಿ ಅಂಕಿನೇ ಆಗ್ಬೇಕಾ?
ಅಕ್ಷರ ಬರಿಯೂಕೆ ಆಗೂದಿಲ್ವಾ?
ಕಂಪ್ಯೂಟರು ಒಪ್ಪುವುದಿಲ್ಲವಂತೆ. ನಕ್ಕಳು.
ಒಂದು ಎಂದೇ ಬರಕೋ ಎಂದೆ.

ಹನಿ ಬೀಳುವ ಮೊದಲು ಉಪ್ಪು ಒಳಗಾಗಬೇಕು.
ದುಪಟ್ಟಾ ಸುತ್ತಿ ಸಿಂಬೆ ಮಾಡಿ
ಅವಳೂ ಒಂದು ಬುಟ್ಟಿ ಹೊತ್ತಳು, ತೂರಾಡುತ್ತ, ಎಲ್ಲರಿಗಿಂತ ಮುಂದೆ.
ಗೋದಾಮಿನ ಬಾಗಿಲಲ್ಲಿ ಅವ್ವಿ,
ಕಣ್ಣಿಗೆ ಪೊರೆ, ಕಿವಿಯಲ್ಲೇ ಎಣಿಕೆ.
ಧೊಪ್ಪೆಂದಿತು.
ಲಾಭ, ಎಂದಳು.

ಆ ಹುಡುಗಿ ಅವಳ ಮನೆಯಲ್ಲಿ ಎಷ್ಟನೆಯವಳೋ,
ಕೇಳಲು ಮರೆತೆ.