ಹನಿ ಬೀಳೋ ಜಾಗಾ

ಬೆಟಗೇರಿಯ ನಮ್ಮ ಮನಿ ಹಿತ್ತಲದಾಗ
ಬಣ್ಣದ ಹಂಡೆ, ಹಂಡೆ ಬುಡಕ ಡೀಸೆಲ್ ಬರ್ನರ್,
ಬರ್ನರಿನ ಬುಡಕ ತುಪ್ಪದ ಡಬ್ಬಿಯ ಮುಚ್ಚಳ.
ಮುಚ್ಚಳದಾಗ ಹನಿ.
ಯುಗಾದಿಯಿಂದ ಹಂಗ ಐತಿ, ದಸರಾ ಬಂತು.

ಒಂದು ಕಂಡಿಕಿ ಸುತ್ತೂದ್ರಾಗ ಎರಡು ಹನಿ.
ಭಾಳಲ್ಲ ಅಂತಾರ ನಮ್ಮವರು.
ಭಾಳಲ್ಲ, ಖರೆ. ಆದ್ರ ನೂಲು ವಾಸನಿ ಮರಿಯೂದಿಲ್ಲ.
ಮೊನ್ನೆ ರೋಣದವರ ಕುಂಕುಮ ಬಣ್ಣದ ಲಡಿ
ಅದ್ದಿ, ಹಿಂಡಿ, ಒಣಗಿಸಿ ಒಯ್ದು ಕೊಟ್ಟೆ.
ಸಾಹುಕಾರ ಮೂಗಿನ ಹತ್ರ ಹಿಡದು
"ಏನವಾ, ಲಾರಿ ತೊಳದ ನೀರಾಗ ಅದ್ದೀಯೇನು?" ಅಂದ.
ಅಂಗಡಿ ತುಂಬ ಮಂದಿ.
ನಾ ಲಡಿ ಎಣಸ್ಕೋತ ನಿಂತೆ,
ಎಣಿಸಿದ್ದನ್ನ ಮತ್ತ ಎಣಸ್ಕೋತ.

ಔಷಧ ಎಲ್ಲರೂ ಹೇಳ್ಯಾರ.
ನಮ್ಮವರು ಅರಿವಿ ಕಟ್ಟಿದ್ರು: ಅರಿವಿ ಹೊಟ್ಟಿ ತುಂಬ ಕುಡದು
ಆಮ್ಯಾಲೆ ತಾನೂ ಹನಿಸಾಕ ಹತ್ತಿತು.
ಮೈದುನ ಗುರುಶಾಂತ ನಳದ ಬಿಳೇ ಟೇಪು ಸುತ್ತಿದ;
ಅದಕ್ಕ ನೀರು ಅಂಜತೈತಿ, ಎಣ್ಣಿ ಅಂಜೂದಿಲ್ಲ.
ಎದುರಮನಿ ತುಳಜಾಬಾಯಿ ಸಾಬೂನು ಮೆತ್ತಿ ಹೋದಳು.
ಎಲ್ಲರೂ ಹನಿ ಬೀಳೋ ಜಾಗಾ ನೋಡಿದ್ರು.
ನಾನೂ ಅಲ್ಲೇ ನೋಡ್ತಿದ್ದೆ, ಆರು ತಿಂಗಳು.

ಮುಳಗುಂದ ನಾಕಾದಾಗ ಪಂಪು ಬಿಚ್ಚೋ ರಾಜೇಸಾಬ
ಫೋನಿನಾಗ ಕೆಮ್ಮಿದ: "ಅಕ್ಕಾರ, ಬರಾಕ ಮಂಗಳವಾರ ಆಗತೈತಿ.
ಅಲ್ಲೀಮಟ ಬೆಂಕಿ ಆರಿಸಿ ಪೈಪು ಒಣಾ ಒರಸ್ರಿ,
ಜೋಡಣಿ ಇದ್ದಲ್ಲೆಲ್ಲ ಬೂದಿ ಹಚ್ರಿ,
ಕಾಕ್ ತೆರದು ಸುಮ್ಮನ ಕೂಡ್ರಿ.
ಹನಿ ಸುಳ್ಳು ಹೇಳತೈತಿ, ಬೂದಿ ಹೇಳೂದಿಲ್ಲ."

ಡೀಸೆಲ್ ಉರಿಯೋ ಮನ್ಯಾಗ ಬೂದಿ ಎಲ್ಲಿ, ಮಸಿ ಅಷ್ಟ.
ಜಗಲಿ ಮ್ಯಾಲಿನ ವಿಭೂತಿ ಗಟ್ಟಿ ತಗೊಂಡೆ,
"ಇಟ್ಟಹೋಗ್ತೀನಿ ಮತ್ತ" ಅಂತ ಅಲ್ಲೇ ಹೇಳಿ.
ಪಂಪಿನ ಕೊರಳಿಗೆ, ಪೈಪಿನ ಮೊಣಕೈಗೆ,
ಫಿಲ್ಟರ್ ಬಟ್ಟಲದ ಹಣಿಗೆ ಮೂರು ಬೆರಳಲೆ ಎಳದೆ.
ಜಳಕ ಮುಗಿಸಿ ಪೂಜಿಗೆ ಕುಂತ ಮುದುಕನಂಗ ಬರ್ನರ್.
ನಗು ಬಂತು. ಕಾಕ್ ತೆರದೆ. ಸ್ಟೂಲು ಹಾಕ್ಕೊಂಡು ಕೂತೆ.

ಹನಿ ಬೀಳೋ ಮೊಣಕೈ ಬೆಳ್ಳಗ ಇತ್ತು.
ಅದಕ್ಕಿಂತ ಗೇಣು ಮ್ಯಾಲೆ, ಬಟ್ಟಲದ ಬೋಲ್ಟಿನ ಮಗ್ಗಲಕ
ಸಾಸಿವಿಯಷ್ಟು ಕಪ್ಪು. ಆಮ್ಯಾಲೆ ಕಡ್ಲಿಯಷ್ಟು.
ಅಲ್ಲಿ ಸೋರಿ, ಪೈಪಿನ ಬೆನ್ನ ಹಿಡದು ಸಪ್ಪಳಿಲ್ಲದ ಇಳದು
ಇಲ್ಲಿ ಬಂದು ಬೀಳತಿತ್ತು ಕಳ್ಳ.

ಕಾಕ್ ಬಂದ್. ಹದಿನೇಳರ ಪಾನಾ.
ಬೋಲ್ಟಿನ ಕೆಳಗ ತಾಮ್ರದ ವಾಷರ್,
ಕಾಲುಂಗರದಷ್ಟು, ಒತ್ತಿ ಒತ್ತಿ ಬಿರುಸಾಗಿತ್ತು.
ಐತವಾರ, ಅಂಗಡಿ ಮುಚ್ಚ್ಯಾವ.
ರಾಜೇಸಾಬ ಮತ್ತ ಕೆಮ್ಮಿದ: "ಕೆಂಪಗ ಕಾಸಿ ನೀರಾಗ ಒಗೀರಿ."
ಕಬ್ಬಿಣ ಹಂಗ ಮಾಡಿದ್ರ ಸಿಟ್ಟಿಗೇಳತೈತಂತ,
ತಾಮ್ರ ಮೆತ್ತಗಾಗತೈತಂತ.
ನಂಬಲಿಲ್ಲ. ಇಕ್ಕಳದಾಗ ಹಿಡದು ಗ್ಯಾಸಿನ ಮ್ಯಾಲೆ ಇಟ್ಟೆ.
ಉರಿಯ ಅಂಚು ಹಸರಾತು,
ವಾಷರ್ ರೋಣದವರ ಬಣ್ಣಕ್ಕ ಬಂತು.
ಚೊಂಯ್.
ಉಗುರಲೆ ಒತ್ತಿದೆ. ಗೀರು ಬಿತ್ತು.

ಕೈಲೆ ತಿರುವಿ ಕೂಡಿಸಿ, ಪಾನಾದಲೆ ಕಾಲು ಸುತ್ತು.
ಇನ್ನೊಂಚೂರು ಇನ್ನೊಂಚೂರು ಅಂತಿತ್ತು ಕೈ.
ಸಾಕು ಅಂದೆ.
ವಿಭೂತಿ. ಕಾಕ್. ಸ್ಟೂಲು.
ಎರಡು ಕಂಡಿಕಿ ಹೊತ್ತಾತು, ಮೂರಾತು.
ಬಿಳಿ ಬಿಳಿಯಾಗೇ ಉಳೀತು.

ಸಂಜೀಕ ಅತ್ತಿ ಮುಚ್ಚಳ ಎತ್ತಿ, ಓರೆ ಮಾಡಿ ನೋಡಿ
"ಇದರಾಗಿಂದು ಎಲ್ಲೆ ಹೋತು?" ಅಂದ್ಳು.
ನಿಲ್ಲಿಸೇನ್ರಿ ಅತ್ತಿ.
"ಯಾರ್ ಹೇಳಿದ್ರು ನಿಲ್ಲಸು ಅಂತ?
ಆರು ತಿಂಗಳಾತು, ದಿನಾ ರಾತ್ರಿ ಮೊಣಕಾಲಿಗೆ ತಿಕ್ಕೋತೀನಿ.
ಅದಕ್ಕ ನೋಡು, ಗೋಡಿ ಹಿಡೀದ ನಡಿಯಾಕ ಹತ್ತೀನಿ."

ಆಕಿ ಕಟ್ಟಿ ಮ್ಯಾಲೆ ಕೂತು ಎರಡೂ ಮೊಣಕಾಲು ಎತ್ತಿದಳು,
ಒಣಗಿದ ಲಡಿ ಒಂದು ಕೊಡವಿ
ಅವುಕ್ಕ ತೊಡಿಸಿ, ಸಿಕ್ಕು ಬಿಡಸಾಕ ಹತ್ತಿದಳು,
ದಿನಾ ಬಿಡಿಸಿದಂಗ, ರೋಣದವರವನ್ನ ಬಿಡಿಸಿದಂಗ.

ನಾ ಅಲ್ಲೇ ನಿಂತೆ.
ವಿಭೂತಿ ಗಟ್ಟಿ ಇನ್ನೂ ನನ್ನ ಕೈಯಾಗ ಇತ್ತು.